ನಾಲ್ಕು ಮಾರ್ಗನ್ ಡಾಲರ್ ತಗೊಂಡಿದೀನಿ, 1893 ಎಸ್ ನಿಜವಾದ್ದಾ? ತಿಳಿದವರು ಹೇಳಿ

ತೆಂಗಿನತೋಟ:
ಎಲ್ರಿಗೂ ನಮಸ್ಕಾರ. ನಾನಿರೋದು ಸ್ಯಾಕ್ರಮೆಂಟೋ ಹತ್ರ, ಊರು ಅರಸೀಕೆರೆ ಕಡೆ. ಹೋದ ತಿಂಗಳು ನಮ್ಮ ಬೀದಿ ಕೊನೇ ಮನೆಯ ಅಜ್ಜ ತೀರ್ಕೊಂಡ್ರು, ಅವರ ಮನೆ ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ರು, ಇಲ್ಲಿ ಎಸ್ಟೇಟ್ ಸೇಲ್ ಅಂತಾರಲ್ಲ ಅದು. ಒಂದು ಬಿಸ್ಕತ್ ಡಬ್ಬೀಲಿ ನಾಲ್ಕು ಮಾರ್ಗನ್ ಡಾಲರ್, ಅಂದ್ರೆ ಅಮೆರಿಕದ ಹಳೇ ಬೆಳ್ಳಿ ಡಾಲರ್ ನಾಣ್ಯ ಇತ್ತು, ನಾಲ್ಕಕ್ಕೂ ಸೇರಿ 700 ಡಾಲರ್ ಕೊಟ್ಟು ತಗೊಂಡೆ. ಒಂದು 1881 ಎಸ್, ಒಂದು 1884 ಸಿಸಿ, ಒಂದು 1893 ಎಸ್, ಇನ್ನೊಂದು 1921 ಅದರಲ್ಲಿ ಅಕ್ಷರ ಏನೂ ಇಲ್ಲ. ಈ ಅಕ್ಷರ ನಾಣ್ಯ ಒತ್ತಿದ ಟಂಕಸಾಲೆ ಗುರುತಂತೆ, ಎಸ್ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ, ಸಿಸಿ ಅಂದ್ರೆ ನೆವಾಡದ ಕಾರ್ಸನ್ ಸಿಟಿ. ಮನೆಗೆ ಬಂದು ನೆಟ್ಟಲ್ಲಿ ನೋಡಿದ್ರೆ 1893 ಎಸ್‌ಗೆ ಸಾವಿರಾರು ಡಾಲರ್ ಅಂತ ಬರ್ತಿದೆ, ಆವತ್ತಿಂದ ನಿದ್ದೆ ಸರಿಯಾಗಿ ಬಂದಿಲ್ಲ.

ಇನ್ನೆರಡು ವಿಷಯ. ಅಮ್ಮ ಊರಿಂದ ಬಂದಿದಾರೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡೋಣ ಅಂತ 1881ರದ್ದನ್ನ ವಿಭೂತಿ ಹಾಕಿ ಚೆನ್ನಾಗಿ ಉಜ್ಜಿಬಿಟ್ಟಿದಾರೆ, ಈಗ ಕನ್ನಡಿ ಥರ ಹೊಳೀತಿದೆ. 1884ರದ್ದು ದಪ್ಪ ಪ್ಲಾಸ್ಟಿಕ್ ಕೇಸಲ್ಲಿದೆ, ಅದಕ್ಕೊಂದು ಕಪ್ಪು ಡಬ್ಬಿ, ಒಳಗೆ ಒಂದು ಕಾರ್ಡು. ಆ ಪ್ಲಾಸ್ಟಿಕ್ ಒಡೆದು ನಾಲ್ಕನ್ನೂ ಒಂದೇ ಆಲ್ಬಮ್ಮಲ್ಲಿ ಇಡೋಣ ಅಂತಿದೀನಿ. ಏನಂತೀರಿ?

ಹಳೇನಾಣ್ಯ_ಮೈಸೂರು:
ಒಡೀಬೇಡಿ ಒಡೀಬೇಡಿ!! ಮೊದಲು ಇದನ್ನ ಓದಿ ಆಮೇಲೆ ಬೇರೆ ಮಾತು.

ನೀವು ಹೇಳ್ತಿರೋ ಕಪ್ಪು ಡಬ್ಬಿ ಅಮೆರಿಕ ಸರ್ಕಾರದ್ದೇ. ಕಾರ್ಸನ್ ಸಿಟಿ ಟಂಕಸಾಲೆಯ ಲಕ್ಷಾಂತರ ಡಾಲರ್ ಖಜಾನೆ ಚೀಲದಲ್ಲಿ ಹಾಗೇ ಉಳ್ಕೊಂಡಿತ್ತು, ಅವನ್ನ 1972ರಿಂದ 1980ರವರೆಗೆ ಜಿಎಸ್ಎ ಅನ್ನೋ ಸರ್ಕಾರಿ ಇಲಾಖೆ ಜನರಿಗೆ ಮಾರ್ತು. ಆಗ ಹಾಕಿಕೊಟ್ಟ ಕೇಸು ಅದು. ಆಗಿನ ಅಧ್ಯಕ್ಷ ನಿಕ್ಸನ್ ಹೆಸರಿರೋ ಕಾರ್ಡ್ ಇದ್ರೆ ಅದೂ ಆ ಡಬ್ಬಿ ಜೊತೆಗೇ ಬಂದದ್ದು. ನಾಣ್ಯ, ಕೇಸು, ಡಬ್ಬಿ, ಕಾರ್ಡು ನಾಲ್ಕೂ ಒಟ್ಟಿಗಿದ್ರೆ ಅದಕ್ಕೇ ಬೇರೆ ಬೆಲೆ, ಅದನ್ನೇ ಹುಡುಕಿಕೊಂಡು ಬರೋ ಸಂಗ್ರಹಕಾರರಿದಾರೆ. ಒಡೆದ ಮೇಲೆ ಅದೇ ನಾಣ್ಯ ಅಂತ ತೋರಿಸೋಕೆ ನಿಮ್ಮ ಹತ್ರ ಏನೂ ಇರಲ್ಲ. ಗ್ರೇಡ್, ಅಂದ್ರೆ ನಾಣ್ಯದ ಸ್ಥಿತಿಗೆ ಕೊಡೋ ಅಂಕ ಬೇಕು ಅಂದ್ರೂ ಎನ್‌ಜಿಸಿ ಅನ್ನೋ ನಾಣ್ಯ ಪರೀಕ್ಷೆ ಸಂಸ್ಥೆಯವರು ಕೇಸ್ ಒಡೆಯದೆ ಅದರ ಮೇಲೇ ಪಟ್ಟಿ ಸುತ್ತಿ ಕೊಡ್ತಾರೆ.

ವಿಭೂತಿ ವಿಷಯ ಬೇಜಾರಾಯ್ತು, ಅಮ್ಮನಿಗೆ ಏನೂ ಅನ್ಬೇಡಿ, ನಮ್ಮ ಮನೆಗಳಲ್ಲಿ ಬೆಳ್ಳಿ ದೀಪ, ಕುಂಕುಮದ ಬಟ್ಟಲು ಎಲ್ಲ ಹಾಗೇ ತಾನೇ ತೊಳೆಯೋದು. ಆದ್ರೆ ನಾಣ್ಯಕ್ಕೆ ಅದು ಆಗಲ್ಲ. ಹೊಸ ನಾಣ್ಯವನ್ನ ಅಚ್ಚು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಬಿಡುತ್ತೆ, ದೀಪದ ಕೆಳಗೆ ನಿಧಾನಕ್ಕೆ ವಾಲಿಸಿದ್ರೆ ಬೆಳಕು ಗಾಲಿ ಕಡ್ಡಿ ಥರ ಸುತ್ತುತ್ತೆ. ಉಜ್ಜಿದ್ರೆ ಆ ಗೆರೆ ಹೋಗುತ್ತೆ, ಬದಲಿಗೆ ಕೂದಲೆಳೆ ಗೀರು ಬರುತ್ತೆ. ಕನ್ನಡಿ ಥರ ಹೊಳಪು ಅಂದ್ರಲ್ಲ, ಕೊಳ್ಳೋನು ಮೊದಲು ನೋಡೋದೇ ಅದನ್ನ, ನೋಡಿದ ಕೂಡ್ಲೇ ಕೆಳಗಿಡ್ತಾನೆ. ಕಪ್ಪಾಗಿದ್ರೆ ಕಪ್ಪಾಗೇ ಇರ್ಲಿ, ಉಳಿದದ್ದನ್ನ ಯಾರೂ ಮುಟ್ಟೋದು ಬೇಡ, ಹಿಡಿಯೋದಾದ್ರೆ ಅಂಚು ಮಾತ್ರ.

ಬೆಳ್ಳಿಲೋಟ:
ಮೇಲಿನವರು ಹೇಳಿದ್ದು ಪೂರ್ತಿ ಸರಿ. ನಾನು ಲೆಕ್ಕ ಹೇಳ್ತೀನಿ. ಮಾರ್ಗನ್ ಡಾಲರ್ ತೂಕ 26.73 ಗ್ರಾಂ, ಅದರಲ್ಲಿ 90 ಭಾಗ ಬೆಳ್ಳಿ 10 ಭಾಗ ತಾಮ್ರ, ಅಂದ್ರೆ ಶುದ್ಧ ಬೆಳ್ಳಿ 24 ಗ್ರಾಂ ಚಿಲ್ಲರೆ, ಔನ್ಸ್ ಲೆಕ್ಕದಲ್ಲಿ 0.7734. ಆವತ್ತಿನ ಬೆಳ್ಳಿ ರೇಟನ್ನ ಇದರಿಂದ ಗುಣಿಸಿದ್ರೆ ಎಂಥ ಹಾಳಾದ ಡಾಲರ್ಗೂ ಬರೋ ಕನಿಷ್ಠ ಬೆಲೆ ಸಿಗುತ್ತೆ. ನಿಮ್ಮ 1921ರದ್ದು ಹೆಚ್ಚುಕಮ್ಮಿ ಅಷ್ಟೇ, ಫಿಲಡೆಲ್ಫಿಯಾ ಒಂದರಲ್ಲೇ ಆ ವರ್ಷ 4 ಕೋಟಿ 46 ಲಕ್ಷ ಒತ್ತಿದಾರೆ. ಅದು 19ನೇ ಶತಮಾನದ್ದೂ ಅಲ್ಲ, 1904ಕ್ಕೆ ನಿಲ್ಲಿಸಿದ್ದ ನಾಣ್ಯವನ್ನ 1921ರಲ್ಲಿ ಹೊಸ ಅಚ್ಚು ಮಾಡ್ಕೊಂಡು ಮತ್ತೆ ಒತ್ತಿದ್ದು, ಹಳೇದರ ಪಕ್ಕ ಇಟ್ಟು ನೋಡಿ, ಕೆತ್ತನೆ ಆಳ ಕಮ್ಮಿ, ಮುಖ ಸಪ್ಪೆ.

1881 ಎಸ್ ಕೂಡ 1 ಕೋಟಿ 27 ಲಕ್ಷ ಇದ್ದ ನಾಣ್ಯ, ಆದ್ರೆ ಸ್ಯಾನ್ ಫ್ರಾನ್ಸಿಸ್ಕೋದವರು ಆ ಕಾಲದಲ್ಲಿ ಒತ್ತಿದ್ದು ಬಹಳ ಚೊಕ್ಕ, ಹದ್ದಿನ ಎದೆಯ ಒಂದೊಂದು ಗರಿ ಎಣಿಸಬಹುದು. ಹೊಸಬರು ಒಳ್ಳೇ ಒತ್ತು ಅಂದ್ರೆ ಏನು ಅಂತ ಕಲೀಬೇಕಾದ್ರೆ ಇದನ್ನೇ ನೋಡ್ಬೇಕು. ಉಜ್ಜಿದ್ದಾಯ್ತು, ಇನ್ನು ಅದು ಅಮ್ಮನ ಕಳಶಕ್ಕೇ ಇರ್ಲಿ ಬಿಡಿ, ಅಲ್ಲಿ ಚೆನ್ನಾಗಿರುತ್ತೆ.

ಧಾರವಾಡದಾಂವ:
ತಡೀರಿ, ನಂದೊಂದ ಪ್ರಶ್ನೆ ಐತ್ರಿ. ಎಲ್ಲಾರೂ ಎಷ್ಟ ಒತ್ಯಾರ ಅನ್ನೂದs ನೋಡ್ತೀರಿ. ನಾ ಪುಸ್ತಕದಾಗ ನೋಡೀನಿ, 1884 ಸಿಸಿ 11 ಲಕ್ಷ 36 ಸಾವಿರ, 1892 ಎಸ್ 12 ಲಕ್ಷ. ಹೆಚ್ಚೂಕಡಿಮಿ ಒಂದs ಲೆಕ್ಕ ಆತಲ್ರಿ. ಆದ್ರ ಬಳಸದs ಇದ್ದ 1884 ಸಿಸಿ ಕೆಲವು ನೂರು ಡಾಲರಿಗೆ ಸಿಗತೈತಿ, ಬಳಸದs ಇದ್ದ 1892 ಎಸ್ ಹತ್ತಾರು ಸಾವಿರ ಡಾಲರ್ ಅಂತಾರ. ಇದ ಹೆಂಗ?

ಹಳೇನಾಣ್ಯ_ಮೈಸೂರು:
ಧಾರವಾಡದವರೇ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೊಂದು ನಮಸ್ಕಾರ. ಈ ನಾಣ್ಯಗಳ ಬೆಲೆಯ ಗುಟ್ಟೇ ಇಲ್ಲಿರೋದು, ಸ್ವಲ್ಪ ಉದ್ದ ಆಗುತ್ತೆ ಕ್ಷಮಿಸಿ.

ಈ ಡಾಲರ್ ಜನ ಕೇಳಿದ್ರು ಅಂತ ಒತ್ತಿದ್ದಲ್ಲ. ನೆವಾಡದ ಕಾಮ್‌ಸ್ಟಾಕ್ ಗಣೀಲಿ 1859ರಿಂದ ಬೆಳ್ಳಿ ಹೊಳೆಯಾಗಿ ಹರೀತು, 1873ರಲ್ಲಿ ಸರ್ಕಾರ ಬೆಳ್ಳಿ ಡಾಲರ್ ನಿಲ್ಲಿಸಿದ್ರಿಂದ ಬೆಳ್ಳಿ ಬೆಲೆ ಬಿತ್ತು, ಗಣಿ ಸೀಮೆಯವರು ಗಲಾಟೆ ಮಾಡಿದ್ರು. 1878ರಲ್ಲಿ ಬ್ಲಾಂಡ್ ಆಲಿಸನ್ ಕಾಯ್ದೆ ಬಂತು, ಸರ್ಕಾರ ತಿಂಗಳಿಗೆ 20ರಿಂದ 40 ಲಕ್ಷ ಡಾಲರ್ ಬೆಲೆಯ ಬೆಳ್ಳಿ ಕೊಂಡು ನಾಣ್ಯ ಮಾಡ್ಲೇಬೇಕು ಅಂತ. ಜನಕ್ಕೆ ಆ ಭಾರದ ನಾಣ್ಯ ಬೇಡ, ಅದರ ಬದಲು ನೋಟಿನ ಥರ ನಡೆಯೋ ಕಾಗದದ ಸರ್ಟಿಫಿಕೇಟ್ ಸಾಕು. ಒತ್ತಿದ್ದೆಲ್ಲ ಸಾವಿರ ಸಾವಿರದ ಚೀಲ ಕಟ್ಟಿ ಖಜಾನೆಗೆ ಹಾಕಿದ್ರು. ಹೀಗಾಗಿ ಒಂದು ವರ್ಷದ ನಾಣ್ಯ ಅಪರೂಪ ಆಗಿದ್ದು ಎಷ್ಟು ಒತ್ತಿದ್ರು ಅನ್ನೋದ್ರಿಂದಲ್ಲ, ಆ ಚೀಲಕ್ಕೆ ಆಮೇಲೆ ಏನಾಯ್ತು ಅನ್ನೋದ್ರಿಂದ.

1884 ಸಿಸಿ ಚೀಲಗಳು ಜಿಎಸ್ಎ ಮಾರಾಟದವರೆಗೂ ಮುಟ್ಟದೆ ಉಳಿದ್ವು, ಅವರ ಎಣಿಕೇಲಿ ಸಿಕ್ಕಿದ್ದು 9,62,638, ಅಂದ್ರೆ ಒತ್ತಿದ್ದರಲ್ಲಿ ನೂರಕ್ಕೆ 84ಕ್ಕೂ ಹೆಚ್ಚು! ಇದು ಯಾವ ಹಳೇ ನಾಣ್ಯಕ್ಕೂ ಇಲ್ಲದ ಲೆಕ್ಕ. 1892 ಎಸ್ ಮಾತ್ರ ಪಶ್ಚಿಮದ ಊರುಗಳಲ್ಲಿ ಅಂಗಡಿ ಗಲ್ಲಾಪೆಟ್ಟಿಗೆಗೆ ಹೋಗಿ ಕೈಯಿಂದ ಕೈಗೆ ಸವೀತು. ಅದಕ್ಕೇ ಸವೆದ 1892 ಎಸ್ ಈಗ್ಲೂ ಸಾಧಾರಣ ಬೆಲೆಗೆ ಸಿಗುತ್ತೆ, ಹೊಸದರಂಥದ್ದು ಮಾತ್ರ ಸಿಗಲ್ಲ. ಒಂದೇ ನಾಣ್ಯ, ಸವೆತ ಎಷ್ಟು ಅನ್ನೋದರ ಮೇಲೆ ಎರಡು ಬೇರೆ ಲೋಕ.

ಇನ್ನು 1903 ಓ, ನ್ಯೂ ಆರ್ಲಿಯನ್ಸ್‌ದು. 1962ರವರೆಗೆ ಬಳಸದ 1903 ಓ ಅಂದ್ರೆ ಸಂಗ್ರಹಕಾರರ ಕನಸು, ಕ್ಯಾಟಲಾಗಲ್ಲಿ 1500 ಡಾಲರ್. ಆ ವರ್ಷದ ಕೊನೇಲಿ ಖಜಾನೆಯಿಂದ ಅದರ ಚೀಲಗಳು ಹೊರಗೆ ಬಂದ್ವು, ಬೆಲೆ ನೋಡ್ತಾ ನೋಡ್ತಾ ಪಾತಾಳಕ್ಕೆ. ಆ ಹಿಂದಿನ ವರ್ಷ ಸಾಲ ಮಾಡಿ ಅದನ್ನ ಕೊಂಡೋನು ಏನಾದ ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. 1895ರ ಫಿಲಡೆಲ್ಫಿಯಾ ಡಾಲರ್ ಇದಕ್ಕೆ ಉಲ್ಟಾ. ದಾಖಲೇಲಿ 12,000 ಸಾಮಾನ್ಯ ನಾಣ್ಯ ಅಂತಿದೆ, ಒಂದೂ ಕಾಣ್ಲಿಲ್ಲ, ಸಂಗ್ರಹಕಾರರಿಗೆ ಅಂತಲೇ ಮಾಡಿದ 880 ಪ್ರೂಫ್ ಮಾತ್ರ ಇರೋದು.

ತೆಂಗಿನತೋಟ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ಒಡೆಯೋ ಯೋಚನೆ ಬಿಟ್ಟೆ, ಕಾರ್ಡೂ ಇದೆ, ನಿಕ್ಸನ್ ಹೆಸರೂ ಇದೆ. ಈಗ 1893 ಎಸ್. ಅಡುಗೆ ಮನೆ ಡಿಜಿಟಲ್ ತಕ್ಕಡಿ ನಂಬೋ ಹಾಗಿಲ್ಲ ಅಂತ ಇಲ್ಲಿ ಇಂಡಿಯನ್ ಒಡವೆ ಅಂಗಡೀಲಿ ತೂಗಿಸಿದೆ, 26.5 ಗ್ರಾಂ. ಅಯಸ್ಕಾಂತಕ್ಕೆ ಅಂಟಲ್ಲ. ಅಗಲ 38 ಮಿಲಿಮೀಟರ್ ಚಿಲ್ಲರೆ. ಅಂದ್ರೆ ನಿಜವಾದ್ದು ಅಂತ ಅಲ್ವಾ?

ಕೊಡಚಾದ್ರಿ_ಕ್ಯಾಲಿ:
ಅಷ್ಟು ಬೇಗ ಖುಷಿ ಪಡ್ಬೇಡಿ ಮೇಡಂ. ತೂಕ ಅಗಲ ಸರಿ ಇದೆ ಅಂದ್ರೆ ಬೆಳ್ಳಿ ಡಾಲರ್ ನಿಜ ಅನ್ನೋದಕ್ಕೆ ಒಳ್ಳೇ ಸೂಚನೆ, ಸವೆತಕ್ಕೆ ಅಷ್ಟು ತೂಕ ಕಮ್ಮಿ ಆಗೋದು ಸಹಜ. ಆದ್ರೆ 1893 ಎಸ್‌ದು ಇರೋ ತೊಂದ್ರೆನೇ ಬೇರೆ. ಒತ್ತಿದ್ದು ಬರೀ 1 ಲಕ್ಷ, ಚಲಾವಣೆಗೆ ಅಂತ ಒತ್ತಿದ ಮಾರ್ಗನ್ ಸರಣೀಲೇ ಎಲ್ಲಕ್ಕಿಂತ ಕಮ್ಮಿ. ಪೂರ್ತಿ ಸವೆದದ್ದೂ ಸಾವಿರಾರು ಡಾಲರ್, ಅತ್ಯುತ್ತಮ ಸ್ಥಿತೀಲಿರೋ ಒಂದು 2021ರಲ್ಲಿ 20 ಲಕ್ಷ ಡಾಲರ್ ದಾಟಿ ಹೋಯ್ತು. ಅದಕ್ಕೇ ಮೋಸಗಾರರು ಮಾಡೋದು ಏನಂದ್ರೆ ಅಕ್ಷರ ಇಲ್ಲದ ನಿಜವಾದ 1893ರ ಫಿಲಡೆಲ್ಫಿಯಾ ಡಾಲರ್ ತಗೊಂಡು ಅದಕ್ಕೆ ಒಂದು ಎಸ್ ಅಂಟಿಸೋದು. ಬೆಳ್ಳಿ ನಿಜ, ತೂಕ ನಿಜ, ವರ್ಷ ನಿಜ, ಆ ಒಂದು ಅಕ್ಷರ ಮಾತ್ರ ಸುಳ್ಳು. ತಕ್ಕಡೀಲಿ ಅದು ಸಿಗಲ್ಲ.

ಒಂದು ಒಳ್ಳೇ ಭೂತಗನ್ನಡಿ ತಗೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡೋದು. ಎಸ್ ನೋಡೋಕೆ ಮುಂಚೆ ಮುಖದ ಕಡೆ ನೋಡಿ, ಯಾಕಂದ್ರೆ ನಮಗೆ ಗೊತ್ತಿರೋ ನಿಜವಾದ 1893 ಎಸ್ ಎಲ್ಲವೂ ಮುಖದ ಕಡೆ ಒಂದೇ ಒಂದು ಅಚ್ಚಿನಿಂದ ಬಂದಿವೆ, ಆ ಅಚ್ಚಿನ ಗುರುತು ಎಲ್ಲದರಲ್ಲೂ ಇರಬೇಕು.

ಅಂಚಿನ ಸುತ್ತ ಸಣ್ಣ ಸಣ್ಣ ಹಲ್ಲು ಇರುತ್ತಲ್ಲ, ಇಸವಿಯ 1 ಆ ಒಂದು ಹಲ್ಲಿನ ನೇರ ಮೇಲೆ ನಿಂತಿರಬೇಕು, ಎರಡು ಹಲ್ಲಿನ ಸಂದಿಯ ಮೇಲಲ್ಲ. ಆಮೇಲೆ ತಲೆಪಟ್ಟೀಲಿ ಲಿಬರ್ಟಿ ಅಂತ ಬರೆದಿದೆಯಲ್ಲ, ಅದರ ಟಿ ಅಕ್ಷರದ ಮೇಲ್ಭಾಗದಲ್ಲಿ ಓರೆಯಾಗಿ ಉಬ್ಬಿದ ಒಂದು ಕೂದಲೆಳೆ ಗೆರೆ ಇರಬೇಕು, ಗೀರಲ್ಲ, ಉಬ್ಬು. ಬಹಳ ಸವೆದಿದ್ರೆ ಟಿ ಗೆರೆ ಕಾಣದೇ ಇರಬಹುದು, ಆದ್ರೆ 1 ನಿಂತ ಜಾಗ ಸವೆತಕ್ಕೆ ಬದಲಾಗಲ್ಲ. ಇದಾದ ಮೇಲೆ ಹಿಂದೆ ತಿರುಗಿಸಿ ಎಸ್ ಬುಡ ನೋಡಿ, ಹೂಮಾಲೆಯ ಗಂಟಿನ ಕೆಳಗೆ ಇರುತ್ತೆ. ಸುತ್ತ ಬಣ್ಣ ಬೇರೆ ಇದ್ಯಾ, ಬೆಸುಗೆ ಕಲೆ ಇದ್ಯಾ, ಅಕ್ಷರ ಮೈಯಿಂದ ಎದ್ದು ಬಂದ ಹಾಗಿದ್ಯಾ ಇಲ್ಲ ಮೇಲೆ ಕೂರಿಸಿದ ಹಾಗಿದ್ಯಾ.

ಧಾರವಾಡದಾಂವ:
ಇದನ್ನ ಓದಿ ಮೈ ಝುಮ್ಮಂತ್ರಿ. ಒಂದು ಹಲ್ಲಿನ ಮ್ಯಾಲ ಇಷ್ಟ ರೊಕ್ಕ ನಿಂತೈತಿ.

ಬೆಳ್ಳಿಲೋಟ:
ಬೆಸುಗೆ ಅಂದದ್ದಕ್ಕೆ ಇನ್ನೊಂದು ಮಾತು. ಅಮೆರಿಕದಲ್ಲೂ ಆ ಕಾಲದಲ್ಲಿ ನಾಣ್ಯಕ್ಕೆ ಕೊಂಡಿ ಬೆಸೆದು ಕೊರಳಿಗೆ, ಗಡಿಯಾರದ ಸರಪಳಿಗೆ ಹಾಕ್ಕೊಳ್ತಿದ್ರು. ನಮ್ಮಲ್ಲಿ ಕಾಸಿನ ಸರ ಇದೆ, ಸರದ ಪದಕಕ್ಕೆ ಡಾಲರ್ ಅಂತಲೇ ಕರೀತೀವಿ. ಆಮೇಲೆ ಯಾರೋ ಕೊಂಡಿ ಕಿತ್ತು ಅಂಚು ಉಜ್ಜಿ ಮಾರ್ತಾರೆ. ಹನ್ನೆರಡು ಗಂಟೆ ಜಾಗದ ಅಂಚಲ್ಲಿ ಗೆರೆಗೆರೆ ಸಮ ಇದ್ಯಾ ಅಂತ ಬೆರಳಲ್ಲ, ಕಣ್ಣಲ್ಲಿ ನೋಡಿ. ಗೆರೆ ಅಳಿಸಿದ್ರೆ ಕೊಂಡಿ ಇತ್ತು ಅಂತ.

ತೆಂಗಿನತೋಟ:
ಭೂತಗನ್ನಡಿ ಬಂತು. ಇವತ್ತು ಬೆಳಿಗ್ಗೆ ಕಿಟಕಿ ಹತ್ರ ಕೂತು ಒಂದು ಗಂಟೆ ನೋಡಿದೆ, ಮಗಳು ಪಕ್ಕದಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡಿದ್ಳು.

1 ಇರೋದು ಎರಡು ಹಲ್ಲಿನ ಸಂದಿ ಮೇಲೆ. ನಾಲ್ಕು ಸಲ ನೋಡಿದೆ, ಮಗಳ ಹತ್ರಾನೂ ನೋಡಿಸಿದೆ, ಅವಳೂ ಸಂದಿ ಅಂತಲೇ ಅಂದ್ಳು. ಟಿ ಮೇಲೆ ಗೆರೆ ಇಲ್ಲ, ನಾಣ್ಯ ಅಷ್ಟೇನೂ ಸವೆದಿಲ್ಲ. ಎಸ್ ಸುತ್ತ ಒಂದು ಕಡೆ ಸಣ್ಣ ಕಪ್ಪು ಗೆರೆ ಇದೆ, ಮೊದಲು ಕೊಳೆ ಅನ್ಕೊಂಡಿದ್ದೆ. ಫೋಟೋ ಹಾಕಿದೀನಿ, ದಯವಿಟ್ಟು ನೋಡಿ.

ಕೊಡಚಾದ್ರಿ_ಕ್ಯಾಲಿ:
ನೋಡಿದೆ. ಅಂಟಿಸಿದ ಎಸ್ ಮೇಡಂ. ನನಗೆ ಅನುಮಾನ ಉಳಿದಿಲ್ಲ. ಆ ಕಪ್ಪು ಗೆರೆ ಕೂರಿಸಿದ ಜಾಗದ ಸಂದು.

ತುಂಬಾ ಬೇಜಾರಾಗಿರುತ್ತೆ ನಿಮಗೆ, ಗೊತ್ತು. ನಾನೂ ಹತ್ತು ವರ್ಷದ ಹಿಂದೆ ಒಂದು 1889 ಸಿಸಿಲಿ ಹೀಗೇ ದುಡ್ಡು ಕಳ್ಕೊಂಡೆ, ಒಂದು ನಾಣ್ಯ ಮೇಳದಲ್ಲಿ ಗ್ರೇಡ್ ಆಗದ್ದನ್ನ ಕೊಂಡು. ಆವತ್ತಿಂದ ಸಾವಿರ ಡಾಲರ್ ಮೇಲಿನದ್ದು ಪಿಸಿಜಿಎಸ್ ಅಥವಾ ಎನ್‌ಜಿಸಿ, ಈ ಎರಡು ಪರೀಕ್ಷೆ ಸಂಸ್ಥೆಗಳ ಕೇಸಲ್ಲಿಲ್ಲದೆ ತಗೊಂಡಿಲ್ಲ, ಕೇಸಲ್ಲಿದ್ರೂ ಅದರ ನಂಬರ್ ಅವರ ವೆಬ್‌ಸೈಟಲ್ಲಿ ಹಾಕಿ ಫೋಟೋ ಜೊತೆ ಹೋಲಿಸ್ತೀನಿ, ಯಾಕಂದ್ರೆ ಈಗ ಕೇಸನ್ನೂ ನಕಲಿ ಮಾಡ್ತಿದಾರೆ.

ಆ ಡಾಲರನ್ನ ಪ್ರಮಾಣಪತ್ರಕ್ಕೆ ಕಳಿಸಬೇಡಿ, ದುಡ್ಡು ದಂಡ. ಅದನ್ನ ಇಡೋ ಕವರ್ ಮೇಲೆ ಎಸ್ ಅಂಟಿಸಿದ್ದು ಅಂತ ಬರೆದಿಡಿ, ಮುಂದೆ ನಿಮ್ಮ ಮಗಳ ಕೈಯಿಂದ ಯಾರಿಗೂ ಮೋಸ ಆಗಬಾರದು.

ಹೊಸಬ_ಹಾಸನ:
ನಮಸ್ತೆ, ನಾನು ಇಲ್ಲಿ ಹೊಸಬ. ಇದೇ ವಿಷಯಕ್ಕೆ ಸಂಬಂಧ ಅಂತ ಕೇಳ್ತಿದೀನಿ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಬ್ರು 1804ರ ಅಮೆರಿಕ ಬೆಳ್ಳಿ ಡಾಲರ್ ಇದೆ, ಕೋಟಿಗಟ್ಲೆ ಬೆಲೆ ಇದೆ, ಅರ್ಜೆಂಟಿಗೆ 3 ಲಕ್ಷಕ್ಕೆ ಕೊಡ್ತೀನಿ, ಮೊದಲು ಹತ್ತು ಸಾವಿರ ರಿಜಿಸ್ಟ್ರೇಷನ್ ಫೀ ಕಳಿಸಿ ಅಂತಿದಾರೆ. ನಮ್ಮಣ್ಣ ಕಳಿಸೋಕೆ ರೆಡಿ ಇದಾನೆ.

ಹಳೇನಾಣ್ಯ_ಮೈಸೂರು:
ಅಣ್ಣನ್ನ ಈಗ್ಲೇ ತಡೀರಿ, ಇದು ಓದಿ ಮುಗಿಸೋಕೂ ಮುಂಚೆ ಫೋನ್ ಮಾಡಿ.

1804ರ ಡಾಲರ್ ಇಡೀ ಲೋಕದಲ್ಲಿ ಗೊತ್ತಿರೋದು 16. ಹೆಚ್ಚಿನವು ಯಾವ ಕಾಲಕ್ಕೆ ಯಾರ ಹತ್ರ ಇತ್ತು ಅಂತ ದಾಖಲೆ ಇದೆ. ಅವು 1804ರಲ್ಲಿ ಮಾಡಿದ್ದೂ ಅಲ್ಲ. ಆ ವರ್ಷ ಟಂಕಸಾಲೆ ಒತ್ತಿದ ಡಾಲರ್ಗಳ ಮೇಲೆ ಹಳೇ ಇಸವಿಯೇ ಇತ್ತು. 1834ರಲ್ಲಿ ಅಮೆರಿಕ ಸರ್ಕಾರ ಪೂರ್ವ ದೇಶದ ರಾಜರಿಗೆ ಉಡುಗೊರೆ ಕೊಡೋಕೆ ನಾಣ್ಯದ ಪೆಟ್ಟಿಗೆ ಮಾಡಿಸ್ತು, ಎಡ್ಮಂಡ್ ರಾಬರ್ಟ್ಸ್ ಅನ್ನೋ ರಾಯಭಾರಿ ಅದನ್ನ ಮಸ್ಕತ್ ಸುಲ್ತಾನರಿಗೂ ಸಯಾಮ್ ರಾಜರಿಗೂ ತಗೊಂಡು ಹೋದ್ರು. ಡಾಲರ್ ಕೊನೇ ಸಲ ಒತ್ತಿದ್ದು 1804ರಲ್ಲಿ ಅಂತ ದಾಖಲೇಲಿ ಇದ್ದಿದ್ರಿಂದ ಆ ಇಸವಿ ಕೆತ್ತಿ ಹೊಸದಾಗಿ ಮಾಡಿದ್ರು. ಹಾಗೆ ಮಾಡಿದ್ದು 8, ಉಳಿದ 8 ಇನ್ನೂ ಆಮೇಲೆ ಟಂಕಸಾಲೇಲೇ ಮಾಡಿದ ಮರು ಒತ್ತು. ಮಸ್ಕತ್‌ಗೆ ಹೋದದ್ದು ಅನ್ನೋ ನಾಣ್ಯ 1999ರಲ್ಲಿ 41 ಲಕ್ಷ 40 ಸಾವಿರ ಡಾಲರ್ಗೆ ಹೋಯ್ತು, 2021ರಲ್ಲಿ ಅದೇ ನಾಣ್ಯ 76 ಲಕ್ಷ 80 ಸಾವಿರಕ್ಕೆ. ಅದು ವಾಟ್ಸಾಪಲ್ಲಿ 3 ಲಕ್ಷ ರೂಪಾಯಿಗೆ ಬರಲ್ಲ. ನಾಣ್ಯ ಮಾರೋಕೆ ಯಾವ ರಿಜಿಸ್ಟ್ರೇಷನ್ ಫೀಯೂ ಇಲ್ಲ, ದುಡ್ಡು ಮುಂಚೆ ಕೇಳಿದ ಕೂಡ್ಲೇ ಅದು ಮೋಸ.

ಹೊಸಬ_ಹಾಸನ:
ಅಣ್ಣ ಕಳಿಸಿಲ್ಲ. ಫೋನ್ ಮಾಡೋ ಹೊತ್ತಿಗೆ ಅವನ ಕೈ ಬ್ಯಾಂಕ್ ಆಪ್ ಮೇಲೇ ಇತ್ತಂತೆ. ನಿಮ್ಮ ಉಪಕಾರ ಮರೆಯಲ್ಲ ಸಾರ್.

ಧಾರವಾಡದಾಂವ:
ಚಲೋ ಆತು. ಹಿರಿಯರs, ಒಂದ ಕೇಳಬೇಕಿತ್ತು. ಖಜಾನ್ಯಾಗ ಅಷ್ಟ ಕೋಟಿ ಡಾಲರ್ ಬಿದ್ದಿದ್ವು ಅಂದ್ರಿ, ಅವೆಲ್ಲಾ ಎಲ್ಲಿ ಹ್ವಾದವು? ಈಗ ಅಷ್ಟ ಕಾಣಂಗಿಲ್ಲಲ್ರಿ.

ಹಳೇನಾಣ್ಯ_ಮೈಸೂರು:
ಬಹಳಷ್ಟು ನಮ್ಮ ದೇಶಕ್ಕೇ ಬಂತು. ನಿಜವಾಗ್ಲೂ.

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಸೈನ್ಯಕ್ಕೆ, ಸಾಮಾನಿಗೆ ಬೆಳ್ಳಿ ರೂಪಾಯಲ್ಲೇ ಸಂದಾಯ ಮಾಡಬೇಕಿತ್ತು, ಜನ ನೋಟು ತಂದು ಬೆಳ್ಳಿ ಕೊಡಿ ಅಂತ ಸಾಲು ನಿಂತ್ರು, ಬೆಳ್ಳಿ ಸಾಲದೆ 1917ರ ಕೊನೇಲಿ ಒಂದು ರೂಪಾಯಿ ನೋಟು, ಆಮೇಲೆ ಎರಡೂವರೆ ರೂಪಾಯಿ ನೋಟು ತಂದ್ರು. ಬ್ರಿಟನ್ ಅಮೆರಿಕದ ಹತ್ರ ಬೆಳ್ಳಿ ಕೇಳ್ತು. 1918ರ ಏಪ್ರಿಲಲ್ಲಿ ಪಿಟ್‌ಮನ್ ಕಾಯ್ದೆ ಬಂತು, ಖಜಾನೆಯಿಂದ 27 ಕೋಟಿ 2 ಲಕ್ಷ 32 ಸಾವಿರ ಚಿಲ್ಲರೆ ಬೆಳ್ಳಿ ಡಾಲರ್ ಕರಗಿಸಿದ್ರು, ಅದರಲ್ಲಿ ಸುಮಾರು 25 ಕೋಟಿ 91 ಲಕ್ಷ ಡಾಲರಿನ ಬೆಳ್ಳಿ ಬ್ರಿಟನ್ನಿಗೆ ಮಾರಿ ಭಾರತಕ್ಕೆ ಕಳಿಸಿದ್ರು. ಕರಗಿಸುವಾಗ ಯಾವ ಇಸವಿ, ಯಾವ ಅಕ್ಷರ ಅಂತ ಬರೆದಿಡ್ಲಿಲ್ಲ. ಇವತ್ತು ಯಾವ ಮಾರ್ಗನ್ ಎಷ್ಟು ಉಳಿದಿದೆ ಅಂತ ಯಾರೂ ಒತ್ತಿದ ಲೆಕ್ಕ ನೋಡಿ ಹೇಳೋಕೆ ಆಗದಿರೋದು ಇದೇ ಕಾರಣಕ್ಕೆ. ಆ ಬೆಳ್ಳಿ ಮುಂಬಯಿ, ಕಲ್ಕತ್ತಾ ಟಂಕಸಾಲೆಗೆ ಹೋಗಿ ಐದನೇ ಜಾರ್ಜ್ ರೂಪಾಯಿ ಆಯ್ತು. 1918, 1919ರ ರೂಪಾಯಿ ನಮ್ಮ ಮನೆಗಳ ಪೆಟ್ಟಿಗೇಲಿ ಇನ್ನೂ ಇವೆಯಲ್ಲ, ಅವೇ.

ತೆಂಗಿನತೋಟ:
ಇದನ್ನ ಜೋರಾಗಿ ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, ನಿಮ್ಮಜ್ಜಿ ಬೀರುವಲ್ಲಿ ರಾಜನ ತಲೆ ಇರೋ ಐದು ರೂಪಾಯಿ ಇದೆ ಕಣೇ, ನಮ್ಮ ಮದ್ವೆ ಧಾರೆಗೆ ಇಟ್ಟಿದ್ದು ಅಂದ್ರು. ತಮ್ಮನಿಗೆ ಹೇಳಿ ಫೋಟೋ ತರಿಸಿದೆ, ಎರಡು 1918, ಒಂದು 1919, ಉಳಿದವು 1907 ಮತ್ತೆ 1912. ಒಂದು 1918ರ ಹಿಂಬದಿ ಕೆಳಗಿನ ಹೂವಿನ ಹತ್ರ ಸಣ್ಣ ಚುಕ್ಕಿ ಇದೆ.

ಹಳೇನಾಣ್ಯ_ಮೈಸೂರು:
ಚುಕ್ಕಿ ಇದ್ರೆ ಮುಂಬಯಿ, ಇಲ್ಲದಿದ್ರೆ ಕಲ್ಕತ್ತಾ. ಒಂದೊಂದು ರೂಪಾಯೀಲೂ ಅಮೆರಿಕದ ಬೆಳ್ಳಿ ಇದ್ಯೋ ಇಲ್ವೋ ಅಂತ ಬಿಡಿಸಿ ಹೇಳೋಕೆ ಬರಲ್ಲ, ಕರಗಿದ ಬೆಳ್ಳಿಗೆ ಊರಿನ ಗುರುತಿರಲ್ಲ. ಬೆಲೆ ದೊಡ್ಡದಲ್ಲ, ಬೆಳ್ಳಿ ತೂಕಕ್ಕಿಂತ ಸ್ವಲ್ಪ ಮೇಲೆ. ಅವನ್ನ ಮಾತ್ರ ಯಾರ ಕೈಲೂ ಅಲ್ಲಿಗೆ ತರಿಸಬೇಡಿ, ನೂರು ವರ್ಷ ದಾಟಿದ ನಾಣ್ಯ ಭಾರತದಿಂದ ಹೊರಗೆ ಒಯ್ಯೋಕೆ ಕಾನೂನು ಬಿಡಲ್ಲ.

ತೆಂಗಿನತೋಟ:
ಇಲ್ಲ, ಅಲ್ಲೇ ಇರ್ಲಿ ಅಂದಿದಾರೆ ಅಮ್ಮ. ತಮ್ಮನಿಗೆ ಫೋನ್ ಮಾಡಿ, ಅದನ್ನ ಉಜ್ಜಬೇಡ, ಹಬ್ಬಕ್ಕೂ ಉಜ್ಜಬೇಡ, ಹಾಗೇ ಬಟ್ಟೇಲಿ ಸುತ್ತಿಡು ಅಂತ ಅಮ್ಮನೇ ಹೇಳಿದ್ರು. 1884ರ ಡಬ್ಬಿ ಬ್ಯಾಂಕ್ ಲಾಕರ್‌ಗೆ ಹೋಯ್ತು, 1893ರದ್ದಕ್ಕೆ ಮಗಳು ತನ್ನ ಕೈಬರಹದಲ್ಲಿ ಚೀಟಿ ಬರೆದು ಅಂಟಿಸಿದಾಳೆ. ಕಾರ್ಸನ್ ಸಿಟಿ ನಮಗೆ ಕಾರಲ್ಲಿ ಎರಡೂವರೆ ಗಂಟೆ ದಾರಿ, ಹಳೇ ಟಂಕಸಾಲೆ ಈಗ ಮ್ಯೂಸಿಯಂ, ನಾಣ್ಯ ಒತ್ತಿದ ಯಂತ್ರ ಇನ್ನೂ ಅಲ್ಲೇ ಇದೆ ಅಂತ ಓದಿದೆ. ಅಮ್ಮ ಊರಿಗೆ ಹೋಗೋ ಮುಂಚೆ ಒಂದು ಶನಿವಾರ ಮೂರೂ ಜನ ಹೋಗಿ ನೋಡ್ಕೊಂಡು ಬರ್ತೀವಿ, ಫೋಟೋ ಇಲ್ಲೇ ಹಾಕ್ತೀನಿ.